ಹಸಿರು ಬೆಂಕಿ

ನಮ್ಮ ವಠಾರದಲ್ಲಿ ಒಂಬತ್ತು ಮನೆ, ಒಂದು ಬಾವಿ, ಒಂದು ಟಿವಿ. ಬಾವಿ ಎಲ್ಲರದು. ಟಿವಿ ಓನರ್ ಮನೆಯದು. ಬೆಂಗಳೂರಿಗೆ ಟಿವಿ ಬಂದು ಆಗಿನ್ನೂ ಎರಡು ಮೂರು ವರ್ಷ ಆಗಿತ್ತು ಅಷ್ಟೇ. ಹಾಗಾಗಿ ಒಂಬತ್ತು ಮನೆಗೆ ಒಂದು ಅನ್ನೋದು ಜಾಸ್ತಿನೇ.

ಆ ಟಿವಿಗೆ ಮರದ ಬಾಗಿಲಿತ್ತು. ಪಟ್ಟಿ ಪಟ್ಟಿಯಾಗಿ ಪಕ್ಕಕ್ಕೆ ಸರಿಯುವ ಬಾಗಿಲು, ಅದಕ್ಕೊಂದು ಪುಟ್ಟ ಬೀಗ. ಬೀಗದ ಕೈ ಓನರ್ ಮಾಮಿಯ ಸೊಂಟದಲ್ಲಿ. ಸಂಜೆ ದೀಪ ಹಚ್ಚಿ, ದೇವರಿಗೆ ಕೈ ಮುಗಿದು, ಆಮೇಲೆ ಮಾಮಿ ಟಿವಿ ಬಾಗಿಲು ತೆಗೆಯುತ್ತಿದ್ದರು. ಅಷ್ಟರಲ್ಲಿ ನಾವು ಹುಡುಗರು ಕಾಲು ತೊಳೆದುಕೊಂಡು ಜಗಲಿಯಲ್ಲಿ ಕಾಯುತ್ತಿರಬೇಕು. ಕಾಲು ಒದ್ದೆ ಇದೆಯೋ ಇಲ್ಲವೋ ಅಂತ ಮಾಮಿ ಒಂದೊಂದು ಜೊತೆಯನ್ನೂ ನೋಡಿಯೇ ಒಳಗೆ ಬಿಡುತ್ತಿದ್ದರು. ಸ್ವಿಚ್ ಹಾಕಿದ ಮೇಲೂ ಚಿತ್ರ ತಕ್ಷಣ ಬರುತ್ತಿರಲಿಲ್ಲ. ಮೊದಲು ಗುಂಯ್ ಅನ್ನುವ ಸದ್ದು, ಆಮೇಲೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆಗಳು. ಆಗ ಓನರ್ ಮಗ ತಾರಸಿ ಮೇಲೆ ಓಡಬೇಕು. ಮೇಲಿನಿಂದ ಅವನು "ಬಂತಾ?" ಅನ್ನುತ್ತಿದ್ದ. "ಬಂತು, ಬಂತು... ಹೋಯ್ತು!" ಅಂತ ನಾವು ಒಟ್ಟಿಗೆ ಕಿರುಚುತ್ತಿದ್ದೆವು. ಅವನು ಆಂಟೆನಾವನ್ನು ಇನ್ನೊಂದು ಚೂರು ತಿರುಗಿಸುತ್ತಿದ್ದ. ಸಿಗ್ನಲ್ ಕೆಡಿಸುತ್ತಿದ್ದದ್ದು ಹೆಚ್ಚಾಗಿ ಒಂದು ಕಾಗೆ. ಅದು ಒಂದೇ ಕಾಗೆ ಅಂತ ನಾವು ನಂಬಿದ್ದೆವು.

ಟಿವಿ ಕಪ್ಪು ಬಿಳುಪು. ಆದರೆ ಮಾಮಿಗೆ ಅದು ಒಪ್ಪಿಗೆಯಿರಲಿಲ್ಲ. ಪರದೆಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಕೇಸರಿ, ಕೆಳಗೆ ಹಸಿರು. ಆಕಾಶ, ಮನುಷ್ಯರು, ಹುಲ್ಲು ಇದೇ ಕ್ರಮದಲ್ಲಿ ಬಂದರೆ ಟಿವಿ ನಿಜಕ್ಕೂ ಕಲರ್ ಆಗಿಬಿಡುತ್ತಿತ್ತು. ಕ್ರಿಕೆಟ್‌ಗೆ ಪರವಾಗಿಲ್ಲ. ವಾರ್ತೆಗೆ ಮಾತ್ರ ಕಷ್ಟ. ವಾರ್ತೆ ಓದುವವರಿಗೆ ನೀಲಿ ಕೂದಲು, ಕೇಸರಿ ಮುಖ, ಹಸಿರು ಸೆರಗು. ಸಲ್ಮಾ ಸುಲ್ತಾನ್ ಕಿವಿಯ ಪಕ್ಕ ಗುಲಾಬಿ ಮುಡಿದುಕೊಂಡು ಬರುತ್ತಿದ್ದರು. ಆ ಗುಲಾಬಿ ನಮ್ಮ ವಠಾರದ ಮಟ್ಟಿಗೆ ಅರ್ಧ ನೀಲಿ, ಅರ್ಧ ಕೇಸರಿ. ಹಿಂದಿ ವಾರ್ತೆ ಯಾರಿಗೂ ಅರ್ಥವಾಗದಿದ್ದರೂ ಹೆಂಗಸರೆಲ್ಲ ಗುಲಾಬಿ ನೋಡಲು ಕೂರುತ್ತಿದ್ದರು.

1984ರ ಅಕ್ಟೋಬರ್ 31, ಬುಧವಾರ. ದೀಪಾವಳಿ ಮುಗಿದು ಒಂದು ವಾರ. ಮಾರನೇ ದಿನದ ರಾಜ್ಯೋತ್ಸವಕ್ಕೆ ನಮ್ಮ ಕ್ಲಾಸಿನ ಕೋಲಾಟವಿತ್ತು. ಕೋಲಿಗೆ ಹಳದಿ ಕೆಂಪು ಕಾಗದ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನ ಶಾಲೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆಯಿತು. ಎಲ್ಲರೂ ಸೀದಾ ಮನೆಗೆ ಹೋಗಿ ಅಂದರು. ಯಾಕೆ ಅಂತ ಹೇಳಲಿಲ್ಲ. ಅಪ್ಪ ಆಫೀಸಿನಿಂದ ಬೇಗ ಬಂದರು. ಇಂದಿರಾ ಗಾಂಧಿಗೆ ಗುಂಡು ಹೊಡೆದಿದ್ದಾರಂತೆ, ಬಿಬಿಸಿಯಲ್ಲಿ ಸತ್ತುಹೋದರು ಅಂತಲೇ ಹೇಳಿದರಂತೆ ಅಂದರು. ನಮ್ಮ ರೇಡಿಯೊ ಮಾತ್ರ ಸತ್ತರು ಅಂತ ಹೇಳಲೇ ಇಲ್ಲ. ಬೆಳಿಗ್ಗೆ ಒಂಬತ್ತೂ ಕಾಲರ ಸುಮಾರಿಗೆ ಗುಂಡು ಬಿದ್ದದ್ದು. ಸಾವಿನ ಸುದ್ದಿಯನ್ನು ಆಕಾಶವಾಣಿ ಬಾಯಿಬಿಟ್ಟಿದ್ದು ಸಂಜೆ. ಇಡೀ ದಿನ ದೇಶಕ್ಕೆ ದೇಶವೇ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಓಡಾಡಿತು. ಈಗ ಯೋಚಿಸಿದರೆ ಅದೇ ವಿಚಿತ್ರ ಅನ್ನಿಸುತ್ತದೆ.

ಅಜ್ಜಿ ನಂಬಲಿಲ್ಲ. "ರೇಡಿಯೊದಲ್ಲಿ ಹೇಳಲಿ, ಆಮೇಲೆ ನೋಡುವ" ಅಂದಳು.

ಅಜ್ಜಿ ಚಿಕ್ಕಮಗಳೂರು ಕಡೆಯವಳು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಅಲ್ಲಿಂದ ಲೋಕಸಭೆಗೆ ನಿಂತಾಗ ಅಜ್ಜಿ ಇನ್ನೂ ಊರಲ್ಲೇ ಇದ್ದಳು. ಎದುರಿಗೆ ನಿಂತಿದ್ದವರು ವೀರೇಂದ್ರ ಪಾಟೀಲರು. ಪ್ರಚಾರದ ಜೀಪು ಹೋಗುವಾಗ ಅಜ್ಜಿ ರಸ್ತೆಬದಿಯಲ್ಲಿ ನಿಂತು ನೋಡಿದ್ದಳಂತೆ. "ಎಷ್ಟು ಸಣ್ಣಕ್ಕಿದ್ದಳು ಮಾರಾಯ. ಸೆರಗು ತಲೆ ಮೇಲಿಂದ ಜಾರಲೇ ಇಲ್ಲ, ಅಷ್ಟು ಗಾಳಿ ಇದ್ದರೂ." ಆ ಕಥೆಯಲ್ಲಿ ಇದ್ದದ್ದು ಇಷ್ಟೇ. ನೂರು ಸಲ ಹೇಳಿದ್ದಾಳೆ. ಜೀಪಿನಿಂದ ಬೀಸಿದ ಕೈ ತನಗೇ ಬೀಸಿದ್ದು ಅಂತ ಅವಳ ಲೆಕ್ಕ. ಇಂದಿರಮ್ಮನನ್ನು ದೆಹಲಿಗೆ ಕಳಿಸಿದ್ದು ತಾನೇ ಅನ್ನುವ ಹಾಗೆ ಮಾತಾಡುತ್ತಿದ್ದಳು. ಅಪ್ಪನಿಗೆ ಇದು ಆಗುತ್ತಿರಲಿಲ್ಲ. "ಎಮರ್ಜೆನ್ಸಿ ಮರೆತುಹೋಯ್ತಾ ನಿಂಗೆ?" ಅಂತ ಪ್ರತಿ ಸಲ ಕೇಳುತ್ತಿದ್ದರು.

ಅವತ್ತು ಸಂಜೆ ಮಾಮಿ ಯಾರ ಕಾಲನ್ನೂ ನೋಡಲಿಲ್ಲ. ಸಲ್ಮಾ ಸುಲ್ತಾನ್ ಪರದೆಗೆ ಬಂದು ಹೇಳಿದರು. ಭಾಷೆ ಬರದಿದ್ದರೂ ಎಲ್ಲರಿಗೂ ಅರ್ಥವಾಯಿತು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ದೊಡ್ಡವರು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ. ಅಜ್ಜಿಯ ಕತ್ತಿನ ನರ ಎದ್ದು ಇಳಿಯುತ್ತಿತ್ತು. ಸದ್ದೇ ಇಲ್ಲ. ಅಪ್ಪ ಅಂದು ಎಮರ್ಜೆನ್ಸಿ ಎತ್ತಲಿಲ್ಲ.

ಈಗ ನಾಚಿಕೆ ಬಿಟ್ಟು ಒಂದು ವಿಷಯ ಹೇಳಬೇಕು. ನನಗೆ ಒಳಗೊಳಗೇ ಖುಷಿಯಾಗಿತ್ತು. ಕೋಲಾಟ ಹೋಯಿತು, ಚಿತ್ರಹಾರ್ ಹೋಯಿತು, ಭಾನುವಾರದ ಸಿನಿಮಾವೂ ಹೋಯಿತು, ನಿಜ. ಆದರೆ ಮಾರನೇ ದಿನದಿಂದ ಟಿವಿ ಹಗಲಿಡೀ! ಸಂಜೆಗಷ್ಟೇ ತೆರೆಯುತ್ತಿದ್ದ ಆ ಬೀಗ ಬೆಳಿಗ್ಗೆಯೇ ತೆರೆದಿತ್ತು. ಮಾಮಿ ಅಡುಗೆ ಮಾಡುತ್ತಿದ್ದರೂ ಟಿವಿ ನಡೆಯುತ್ತಲೇ ಇತ್ತು. ತೋರಿಸುತ್ತಿದ್ದದ್ದು ಒಂದೇ ಚಿತ್ರ. ತೀನ್ ಮೂರ್ತಿ ಭವನದಲ್ಲಿ ಮಲಗಿಸಿದ ದೇಹ, ಸುತ್ತ ಹೂ, ಸರತಿಯಲ್ಲಿ ಬರುವ ಜನ. ಹಿಂದೆ ಸಾರಂಗಿ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಬೋರ್ ಅಂತ ಒಮ್ಮೆಯೂ ಅನ್ನಿಸಲಿಲ್ಲ. ಇವತ್ತಿಗೂ ಎಲ್ಲಾದರೂ ಸಾರಂಗಿ ಕೇಳಿದರೆ ಯಾರು ಹೋದರಪ್ಪ ಅಂತಲೇ ಮೊದಲು ಅನ್ನಿಸುವುದು. ಪಾಪ, ಆ ವಾದ್ಯದ ತಪ್ಪೇನಿಲ್ಲ.

ಹಾಗೆ ನೋಡುತ್ತಿದ್ದಾಗ ದೇಹದ ಹತ್ತಿರ ಉದ್ದನೆಯವರೊಬ್ಬರು ಬಿಳಿ ಬಟ್ಟೆಯಲ್ಲಿ ನಿಂತಿದ್ದು ಕಂಡಿತು. "ಅಮಿತಾಭ್ ಬಚ್ಚನ್!" ಅಂತ ಎದ್ದು ನಿಂತು ಕೂಗಿಬಿಟ್ಟೆ. ಹುಡುಗರೆಲ್ಲ "ಎಲ್ಲಿ, ಎಲ್ಲಿ?" ಅಂತ ಮುಂದಕ್ಕೆ ನುಗ್ಗಿದರು. ಅಮ್ಮ ನನ್ನ ತೊಡೆ ಚಿವುಟಿದ್ದು ಎಷ್ಟು ಜೋರಾಗಿತ್ತೆಂದರೆ ನನಗೂ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಅಜ್ಜಿ ಅದನ್ನು ಬೇರೆ ರೀತಿ ತಿಳಿದುಕೊಂಡಳು. ನನ್ನನ್ನು ಎಳೆದು ಮಡಿಲಿಗೆ ಹಾಕಿಕೊಂಡು "ಅಳಬೇಡ ಮಗಾ" ಅಂದಳು. ನಾನು ಸುಮ್ನೆ ಇದ್ದುಬಿಟ್ಟೆ.

ನವೆಂಬರ್ 3, ಶನಿವಾರ, ಅಂತ್ಯಕ್ರಿಯೆ. ವಠಾರವೆಲ್ಲ ಮಾಮಿಯ ಹಾಲಿನಲ್ಲಿ. ಜಾಗ ಸಿಗದವರು ಕಿಟಕಿಯಲ್ಲಿ. "ಜಬ್ ತಕ್ ಸೂರಜ್ ಚಾಂದ್ ರಹೇಗಾ, ಇಂದಿರಾ ತೇರಾ ನಾಮ್ ರಹೇಗಾ" ಅಂತ ಜನ ಕೂಗುತ್ತಿದ್ದರು. ರಾಜೀವ್ ಗಾಂಧಿ ಚಿತೆಗೆ ಬೆಂಕಿ ಇಟ್ಟರು. ನಮ್ಮ ಟಿವಿಯಲ್ಲಿ ಬೆಂಕಿ ಕೆಳಗೆ ಹಸಿರಾಗಿ ಹುಟ್ಟಿತು. ನಡುವೆ ಕೇಸರಿಯಾಯಿತು. ಮೇಲೆ ಹೋಗಿ ನೀಲಿಯಾಯಿತು. ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇಂದಿರಮ್ಮನ ಮೊಮ್ಮಗನನ್ನು ತೋರಿಸಿ ಅಜ್ಜಿ ಮೆಲ್ಲಗೆ, "ನಿನ್ನಷ್ಟೇ ಇದ್ದಾನೆ ನೋಡು" ಅಂದಳು. ಅಷ್ಟೇನಿರಲಿಲ್ಲ, ರಾಹುಲ್‌ಗೆ ಆಗ ಹದಿನಾಲ್ಕು. ನನಗೆ ಒಂಬತ್ತು.

ಆಮೇಲೆ ಅಜ್ಜಿ ಎದ್ದಳು. ಸೀದಾ ಮನೆಗೆ ಹೋಗದೆ ಬಾವಿಕಟ್ಟೆ ಹತ್ತಿರ ನಿಂತಳು. ಅಮ್ಮನನ್ನು ಕೂಗಿ, "ಹಂಡೆಗೆ ಉರಿ ಹಾಕು. ಸ್ನಾನ ಮಾಡದೆ ಒಳಗೆ ಬರಲಿಕ್ಕಿಲ್ಲ" ಅಂದಳು. ಅಪ್ಪ, "ದೆಹಲಿ ಎಲ್ಲಿ, ನಾವೆಲ್ಲಿ?" ಅಂದರು. "ಕಣ್ಣಾರೆ ಬೆಂಕಿ ನೋಡಿದೆಯೋ ಇಲ್ಲವೋ?" ಅಂತ ಅಜ್ಜಿ. ಇದಕ್ಕೆ ಅಪ್ಪನ ಹತ್ತಿರ ಉತ್ತರವಿರಲಿಲ್ಲ. ಹಿಂದೆ ಬಂದ ಹೆಂಗಸರೂ ಹೊಸಿಲ ಹೊರಗೇ ನಿಂತರು. ಒಬ್ಬರು ಮಾಡಿದ ಮೇಲೆ ಇನ್ನೊಬ್ಬರು ಬಿಡುವುದು ಹೇಗೆ? ಆ ಸಂಜೆ ಎಂಟು ಮನೆಯ ಬಚ್ಚಲಿನಿಂದಲೂ ಹೊಗೆ ಬಂತು. ಹುಡುಗರನ್ನೆಲ್ಲ ಬಾವಿಕಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ತಣ್ಣೀರು ಹುಯ್ದರು. ಚಡ್ಡಿ ಸಮೇತ.

ಅದೇ ದಿನಗಳಲ್ಲಿ ಅದೇ ದೆಹಲಿಯಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಸುಡುತ್ತಿದ್ದರು ಅನ್ನುವುದು ನಮಗೆ ಗೊತ್ತಾಗಲಿಲ್ಲ. ಕ್ಯಾಮೆರಾ ತೀನ್ ಮೂರ್ತಿಯಲ್ಲೇ ಇತ್ತು. ಆ ಕೊಲೆಗಳು ನಡೆದ ದೆಹಲಿಯ ತ್ರಿಲೋಕಪುರಿಯ ಹೆಸರನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ, ಓದಿ. ಸರ್ಕಾರದ ಲೆಕ್ಕದಲ್ಲೇ ದೆಹಲಿಯಲ್ಲಿ ಸತ್ತವರು 2,733. ಮೂರು ದಿನ ಕಣ್ಣು ಮಿಟುಕಿಸದೆ ಟಿವಿ ನೋಡಿದವನು ನಾನು. ಆ ಬೆಂಕಿ ನಮ್ಮ ಪರದೆಗೆ ಬರಲೇ ಇಲ್ಲ. ಅದಕ್ಕೆ ನಮ್ಮ ವಠಾರದಲ್ಲಿ ಯಾರೂ ನೀರು ಕಾಯಿಸಲಿಲ್ಲ.

1991ರ ಹೊತ್ತಿಗೆ ನಾವು ವಠಾರ ಬಿಟ್ಟಿದ್ದೆವು. ನಮ್ಮದೇ ಟಿವಿ, ಕಲರ್. ಬಾಗಿಲಿಲ್ಲ, ಬೀಗವಿಲ್ಲ. ಅಜ್ಜಿಗೆ ಕಿವಿ ಮಂದವಾಗಿತ್ತು, ಟಿವಿ ಎದುರಿನ ಕುರ್ಚಿ ಅವಳದೇ. ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹೋದರು. ಮತ್ತೆ ಅದೇ ತೀನ್ ಮೂರ್ತಿ ಭವನ, ಅದೇ ಸರತಿ. ನನಗೆ ಈ ಸಲ ಖುಷಿಯಾಗಲಿಲ್ಲ. ಟಿವಿ ಹಗಲಿಡೀ ಇರುವುದು ಅಷ್ಟೊತ್ತಿಗೆ ದೊಡ್ಡ ವಿಷಯವೂ ಆಗಿರಲಿಲ್ಲ. 24ರಂದು ಸಂಜೆ ಚಿತೆಯ ಪಕ್ಕ ರಾಹುಲ್ ನಿಂತದ್ದನ್ನು ತೋರಿಸಿದರು. ಅಜ್ಜಿ ಮುಂದಕ್ಕೆ ಬಾಗಿ ನೋಡಿದಳು.

"ಇವನು ಅವತ್ತು ಪಕ್ಕದಲ್ಲಿ ನಿಂತಿದ್ದ ಹುಡುಗ ಅಲ್ವಾ?"

ಹೌದು ಅಂತ ತಲೆ ಆಡಿಸಿದೆ.

ಬೆಂಕಿ ಹತ್ತಿತು. ಕಲರ್ ಟಿವಿ, ಬೆಂಕಿ ಬೆಂಕಿಯ ಬಣ್ಣದ್ದೇ. ಅಜ್ಜಿ ಅಭ್ಯಾಸದಿಂದ ಕುರ್ಚಿಯ ಕೈ ಹಿಡಿದು ಎದ್ದಳು, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು. ಅಲ್ಲಿ ನಿಂತು ತಿರುಗಿ ಟಿವಿ ನೋಡಿದಳು. ಹೊಸಿಲು ನೋಡಿದಳು. ಮತ್ತೆ ಟಿವಿ ನೋಡಿದಳು.

"ಬೆಂಕಿ ಮನೆ ಒಳಗೇ ಉಂಟಲ್ಲ ಮಾರಾಯ. ಈಗ ಎಲ್ಲಿ ಸ್ನಾನ ಮಾಡಿ ಎಲ್ಲಿಗೆ ಬರುವುದು?"

ಅಪ್ಪ ಟಿವಿ ಆಫ್ ಮಾಡಿದರು. ಅಮ್ಮ ಒಂದು ಲೋಟದಲ್ಲಿ ನೀರು ತಂದಳು. ಅಜ್ಜಿ ಅದರಲ್ಲಿ ಬೆರಳು ಅದ್ದಿ ಟಿವಿ ಕಡೆ ಚಿಮುಕಿಸಲು ಹೋದಳು. "ಏಯ್, ಶಾಕ್ ಹೊಡೀತದೆ" ಅಂತ ಅಪ್ಪ ಕೈ ಹಿಡಿದರು. ಕೊನೆಗೆ ಅಜ್ಜಿ ತನ್ನ ತಲೆಯ ಮೇಲೆ ನಾಲ್ಕು ಹನಿ ಹಾಕಿಕೊಂಡು ಕುರ್ಚಿಗೆ ವಾಪಸ್ಸು ಬಂದಳು. ಬಹಳ ಹೊತ್ತು ಸುಮ್ಮನಿದ್ದಳು. ಮೊಮ್ಮಗನ ಬಗ್ಗೆ ಯೋಚಿಸುತ್ತಿದ್ದಾಳೆ ಅಂದುಕೊಂಡೆ.

"ಅವತ್ತು ನಾವೆಲ್ಲ ಎದ್ದು ಬಂದೆವಲ್ಲ," ಅಂದಳು. "ಆ ಓನರ್ ಮಾಮಿ ಪಾಪ, ಏನು ಮಾಡಿದಳೋ. ಒಬ್ಬರಾದರೂ ಕೇಳಿದೆವಾ?"