ನಿಮಗೇನು ಅನ್ನಿಸುತ್ತದೆ?

"ಟೋನರ್ ಮುಗಿದಿದೆ ಸಾರ್" ಎಂದರೆ ಹಿಂದೆಲ್ಲ "ಇನ್ನೊಂದು ತರಿಸಿ" ಎನ್ನುತ್ತಿದ್ದರು. ಈಗ ಸಿಗುವುದು ಪ್ರಶ್ನೆ: "ನಿಮ್ಮ ಮುಂದೆ ಯಾವ ಆಯ್ಕೆಗಳಿವೆ?" ಸಾಹೇಬರು ಎರಡು ದಿನದ ಕೋಚಿಂಗ್ ತರಬೇತಿ, ಅಂದರೆ ಉತ್ತರ ಹೇಳದೆ ಪ್ರಶ್ನೆ ಕೇಳಿಯೇ ಕೈಕೆಳಗಿನವರಿಂದ ಕೆಲಸ ಮಾಡಿಸುವ ಪಾಠ, ಮುಗಿಸಿ ಬಂದಿದ್ದಾರೆಂದು ಅಷ್ಟರಲ್ಲೇ ತಿಳಿದುಕೊಳ್ಳಬೇಕು. ವಾರದೊಳಗೆ ಹೆಡ್ ಕ್ಲರ್ಕ್ ಗುಮಾಸ್ತನನ್ನು ಕೇಳುತ್ತಾರೆ, ಗುಮಾಸ್ತ ಅಟೆಂಡರನ್ನು, ಅಟೆಂಡರು ಕ್ಯಾಂಟೀನಿನ ಹುಡುಗನನ್ನು. ಹುಡುಗ ಮಲಯಾಳದಲ್ಲಿ ಹೇಳುತ್ತಾನೆ: ಚಾಯ ಇದೆ, ಕಾಪಿ ಇಲ್ಲ. ಇಡೀ ಕಾಸರಗೋಡಿನಲ್ಲಿ ಆಯ್ಕೆಗಳನ್ನು ನೆಟ್ಟಗೆ ಹೇಳಿದವನು ಅವನೊಬ್ಬನೇ ಇರಬೇಕು. ಈ ಪ್ರಶ್ನೆ ಮೇಲಕ್ಕೆ ಮಾತ್ರ ಹತ್ತುವುದಿಲ್ಲ.

ಟೆನಿಸ್ ಕಲಿಸುತ್ತಿದ್ದ ಗಾಲ್ವೆಯಿಂದ ಹೊಳಹು ಪಡೆದು, ಕಾರ್ ರೇಸ್ ಓಡಿಸುತ್ತಿದ್ದ ಜಾನ್ ವಿಟ್‌ಮೋರ್ 1992ರ ಪುಸ್ತಕದಲ್ಲಿ ಹಬ್ಬಿಸಿದ 'ಗ್ರೋ' ಎಂಬ ಕೋಚಿಂಗ್ ಕ್ರಮಕ್ಕೆ ನಾಲ್ಕು ಮೆಟ್ಟಿಲು: ಗುರಿ, ವಾಸ್ತವ, ಆಯ್ಕೆ, ಸಂಕಲ್ಪ. ಮೊದಲಿನ ಎರಡರಲ್ಲೇ ಅರ್ಧ ಗಂಟೆ ಹೋಗುತ್ತದೆ. ಯಾರು, ಏನು, ಯಾವ ತಾರೀಕಿನೊಳಗೆ ಎಂದು ಬರೆದುಕೊಳ್ಳಬೇಕಾದ ನಾಲ್ಕನೆಯದಕ್ಕೆ ಬರುವಾಗ ಊಟದ ಹೊತ್ತು. 'ಯಾಕೆ ತಡ?' ಎಂದರೆ ಎದುರಿನವ ಸಮಜಾಯಿಷಿಗೆ ಇಳಿಯುತ್ತಾನೆ, 'ಏನು ಅಡ್ಡಿಯಾಯಿತು?' ಎನ್ನಬೇಕು ಎಂಬ ಪಾಠವೂ ಉಂಟು. ಕಲಿತವರು ಶಬ್ದ ಬದಲಾಯಿಸುತ್ತಾರೆ, ಹುಬ್ಬು ಮಾತ್ರ ಮೊದಲಿನಷ್ಟೇ ಮೇಲೆ. ಕೇಳಿದ ಮೇಲೆ ಸುಮ್ಮನಿರಬೇಕೆಂಬುದಂತೂ ಯಾರಿಗೂ ಅಂಟಿಲ್ಲ. ಮೂರು ಸೆಕೆಂಡಿನೊಳಗೆ "ಹೀಗೆ ಮಾಡಿದರಾಗದಾ?" ಎಂದು ಉತ್ತರವನ್ನೂ ಅವರೇ ಕೊಡುತ್ತಾರೆ.

ಕಿವಿಗೊಡುವುದು ನೋಡಬೇಕಾದರೆ ಬದಿಯಡ್ಕ, ಪೆರ್ಲದ ಕಡೆ ಅಡಿಕೆಯಂಗಳಕ್ಕೆ ಹೋಗಬೇಕು. ಹಣ್ಣಡಿಕೆಯನ್ನು ತೆಳ್ಳಗೆ ಹರವಿ ಸುಮಾರು 40 ದಿನ ಬಿಸಿಲಿಗಿಡಬೇಕು, ಆಗಾಗ ಮಗುಚಬೇಕು. ಒತ್ತೊತ್ತಾಗಿ ಬಿದ್ದರೆ ಅಡಿಯದಕ್ಕೆ ಬೂಸ್ಟು. ಒಣಗಿತೋ ಇಲ್ಲವೋ ಎಂದು ಒಂದನ್ನು ಕಿವಿಯ ಬಳಿ ಅಲ್ಲಾಡಿಸುತ್ತಾರೆ: ಸಿಪ್ಪೆಯೊಳಗೆ ಗಡಗಡ ಎಂದರೆ ಸುಲಿಯಬಹುದು, ಮೂಕವಾಗಿದ್ದರೆ ಇನ್ನಷ್ಟು ಬಿಸಿಲು. ಸಂಶಯವಿದ್ದರೆ ಕತ್ತರಿಯಲ್ಲಿ ಎರಡು ಹೋಳು ಮಾಡಿ ಒಳಗನ್ನೇ ನೋಡುತ್ತಾರೆ. ಸುಲಿದ ಮೇಲೆ ತರ ನೋಡಿ ಹೆಕ್ಕುವುದು: ಚಾಲಿ ಬೇರೆ, ಪಟೋರ ಬೇರೆ, ಉಳ್ಳಿ ಬೇರೆ, ಕೋಕ ಬೇರೆ. ಹೆಕ್ಕುವವರಿಗೆ ಕೈಬೆರಳೇ ತಕ್ಕಡಿ. ಹೊಸಬನಿಗೆ "ನಿನಗೇನು ಅನ್ನಿಸುತ್ತದೆ?" ಎಂದು ಯಾರೂ ಕೇಳುವುದಿಲ್ಲ. ಅವನಿಗೆ ಅನ್ನಿಸಲಿಕ್ಕೆ ಇನ್ನೂ ಎರಡು ಕೊಯ್ಲು ಬೇಕು. ಅಲ್ಲಿಯವರೆಗೆ ತೋರಿಸಿಯೇ ಕೊಡಬೇಕು: ಇದು ಪಟೋರ, ಅಲ್ಲಿ ಹಾಕು.

ಡಿಸೆಂಬರಿನ ಒಂದು ಮಧ್ಯಾಹ್ನ ಪೊಸಡಿಗುಂಪೆ ಗುಡ್ಡದ ಕಡೆಯಿಂದ ಮೋಡ ಎದ್ದಿತೆನ್ನಿ. ಅಂಗಳ ತುಂಬ ಅರ್ಧ ಒಣಗಿದ ಅಡಿಕೆ. ಗುರಿ, ವಾಸ್ತವ, ಆಯ್ಕೆ ಎಲ್ಲವೂ ಒಟ್ಟಿಗೇ ತಲೆಯ ಮೇಲೆ ಗುಡುಗುತ್ತಿರುವಾಗ ಒಳಗಿನಿಂದ ಬರುವುದು ಒಂದೇ ಕೂಗು:

"ಓ, ಟರ್ಪಾಲಿನ ಆ ತುದಿ ಹಿಡಿ ಮಾರಾಯಾ!"