ದೇವರೇ ಬಂದರೂ ಇಎಂಡಿ ಕಟ್ಟಬೇಕು

ಡಾಂಬರಿನ ಬೆಲೆ ಏರಿದೆ, ಜಲ್ಲಿ ಬೆಲೆ ಏರಿದೆ, ಕೂಲಿ ಏರಿದೆ. ಆದ್ದರಿಂದ ಬೆಂಗಳೂರಿನ ರಸ್ತೆಗಳಿಗೆ ಮತ್ತೆ ಡಾಂಬರು ಹಾಕಲು ದುಡ್ಡು ಸಾಲುತ್ತಿಲ್ಲ. ಈ ಅಳಲು ಕೇಳಿದಾಗಲೆಲ್ಲ ನನಗೆ ನಿಜವಾಗಿಯೂ ಪಾಪ ಅನ್ನಿಸುತ್ತದೆ. ಡಾಂಬರು ಎಂದರೆ ಕಚ್ಚಾತೈಲದಿಂದ ಪೆಟ್ರೋಲ್, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟು. ಅದರ ದರವನ್ನು ತೈಲ ಕಂಪನಿಗಳು ಹದಿನೈದು ದಿನಕ್ಕೊಮ್ಮೆ ಬದಲಿಸುತ್ತವೆ. ಕೊಲ್ಲಿ ದೇಶಗಳ ಕಡೆ ಎಲ್ಲೋ ಒಂದು ಹಡಗು ನಿಂತರೆ ಇಲ್ಲಿ ನಾಗರಬಾವಿಯಲ್ಲಿ ಜಲ್ಲಿ ಎದ್ದು ಕೂರುತ್ತದೆ. ಇದರಲ್ಲಿ ನಮ್ಮ ಎಂಜಿನಿಯರುಗಳ ತಪ್ಪೇನಿದೆ ಹೇಳಿ?

ಬೆಲೆ ಬಿದ್ದಾಗ ಏನು ಮಾಡುತ್ತಿದ್ದಿರಿ ಅಂತ ಮಾತ್ರ ಕೇಳಬಾರದು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಪೇಟೆಯಲ್ಲಿ ಕಚ್ಚಾತೈಲದ ಬೆಲೆ ಒಂದು ದಿನ ಸೊನ್ನೆಗಿಂತ ಕೆಳಗೆ ಹೋಗಿತ್ತು. ತಗೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ, ಮೇಲೆ ದುಡ್ಡೂ ಕೊಡ್ತೀವಿ ಎನ್ನುವ ಸ್ಥಿತಿ. ಇತ್ತ ಲಾಕ್‌ಡೌನ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನಡುವೆ ನಾಯಿ ನೆಮ್ಮದಿಯಾಗಿ ಮಲಗಬಹುದಿತ್ತು. ರಸ್ತೆ ಕೆಲಸಕ್ಕೆ ಇಂಥ ಸುಮುಹೂರ್ತ ನೂರು ವರ್ಷಕ್ಕೊಮ್ಮೆ ಬರುವುದು. ನಮ್ಮ ಗುಂಡಿಗಳು ಸರ್ಕಾರದ ಸೂಚನೆಯಂತೆ ಇದ್ದಲ್ಲೇ ಇದ್ದು ಸುರಕ್ಷಿತವಾಗಿದ್ದವು.

ಸರಿ, ಹಣ ಎಲ್ಲಿಂದ ತರೋದು? ಯಾವ ಸಭೆ ನಡೆದರೂ ಕೊನೆಗೆ ಎಲ್ಲರ ಕಣ್ಣು ನಮ್ಮ ಜೇಬಿನ ಮೇಲೇ ಬೀಳುತ್ತದೆ. ಆ ಜೇಬಿಗೆ ಈಗಾಗಲೇ ಎಷ್ಟು ಕೈ ಹೋಗಿ ಬಂದಿದೆ ಅಂತ ಯಾರೂ ಎಣಿಸಿಲ್ಲ. ಕಾರು ಕೊಳ್ಳುವಾಗಲೇ ಜೀವಿತಾವಧಿ ತೆರಿಗೆ ಕಟ್ಟಿದ್ದೀರಿ. ದುಬಾರಿ ಕಾರಾಗಿದ್ದರೆ ಶೇ 18ರವರೆಗೆ. ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ನಿಮ್ಮ ಮನೆ ಮುಂದಿನ ರಸ್ತೆ ಪಾಲಿಕೆಯದು. ಅವರಿಬ್ಬರಿಗೂ ಮಾತು ಬಿಟ್ಟಿದೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು, ಲೀಟರಿಗೆ 3 ರೂಪಾಯಿ ಜಾಸ್ತಿ ಆಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಸರದಿ. ಅದೇ ಲೀಟರಿನ ಮೇಲೆ ಕೇಂದ್ರ ಸರ್ಕಾರ ರಸ್ತೆ ಸೆಸ್ ಅಂತಲೇ ಬೇರೆ ತಗೊಳ್ಳುತ್ತದೆ. ಗುಂಡಿ ಕಂಡು ಬ್ರೇಕ್ ಹಾಕಿ ಒಂದನೇ ಗೇರಿಗೆ ಇಳಿದಾಗಲೆಲ್ಲ ಪೆಟ್ರೋಲ್ ಜಾಸ್ತಿ ಸುಡುತ್ತದೆ, ತೆರಿಗೆಯೂ ಜಾಸ್ತಿ ಬರುತ್ತದೆ. ಹೀಗೆ ನೋಡಿದರೆ ಇಡೀ ಊರಿನಲ್ಲಿ ಹಗಲು ರಾತ್ರಿ ದುಡಿಯುತ್ತಿರುವುದು ಗುಂಡಿ ಒಂದೇ. ಅದನ್ನು ಮುಚ್ಚಿ ಎನ್ನುವವರು ರಾಜ್ಯದ ಆದಾಯಕ್ಕೆ ಕಲ್ಲು ಹಾಕುವವರು.

ಆಸ್ತಿ ತೆರಿಗೆಯ ರಸೀದಿಯನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ತೆರಿಗೆಯ ಬೆನ್ನಿಗೆ ಸೆಸ್‌ಗಳ ಸಾಲೇ ಇದೆ. ಆರೋಗ್ಯಕ್ಕೆ, ಗ್ರಂಥಾಲಯಕ್ಕೆ, ಸಾರಿಗೆಗೆ. ನನಗೆ ತುಂಬ ಇಷ್ಟವಾದದ್ದು ಭಿಕ್ಷುಕರ ಸೆಸ್, ಶೇ 3. ಭಿಕ್ಷುಕರ ಪುನರ್ವಸತಿಗೆಂದು ನಮ್ಮಿಂದ ವಸೂಲಿ ಮಾಡಿ, ಅದಕ್ಕಾಗಿಯೇ ಇರುವ ಸಮಿತಿಗೆ ದಾಟಿಸಬೇಕಾದ ಹಣ ಅದು. ಪಾಲಿಕೆ ಸರಿಯಾಗಿ ದಾಟಿಸುವುದಿಲ್ಲ, ಕೋಟಿಗಟ್ಟಲೆ ಬಾಕಿ ಇಟ್ಟುಕೊಂಡಿದೆ ಎಂಬ ದೂರು ವರ್ಷಗಳಿಂದ ಇದೆ. ಭಿಕ್ಷುಕರ ಹತ್ತಿರವೇ ಕೈಸಾಲ ಮಾಡಿಕೊಂಡಿರುವ ಸಂಸ್ಥೆ ಡಾಂಬರಿಗೆ ಕಾಸಿಲ್ಲ ಎಂದರೆ ನಂಬದೆ ಇರೋದಕ್ಕೆ ಆಗುತ್ತಾ?

2025ರಿಂದ ಕಸಕ್ಕೂ ಶುಲ್ಕ ಬಂತು. ಮನೆಯ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ಅದೇ ವರ್ಷ ನವೆಂಬರ್‌ನಲ್ಲಿ ಅರೆಬರೆ ದಾಖಲೆಯ ಬಿ ಖಾತಾವನ್ನು ಪೂರ್ಣ ಮಾನ್ಯತೆಯ ಎ ಖಾತಾ ಮಾಡಿಕೊಳ್ಳಿ, ಮಾರ್ಗಸೂಚಿ ದರದ ಶೇ 5 ಕಟ್ಟಿ ಎಂದರು. ಇನ್ನು ಉಳಿದಿರುವುದು ಗುಂಡಿ ಬಳಕೆ ಶುಲ್ಕ ಮಾತ್ರ. ಆಳ ನೋಡಿ ಸ್ಲ್ಯಾಬ್ ಮಾಡಬಹುದು. ಮೊಣಕಾಲಿನವರೆಗಿನ ಗುಂಡಿಗೆ ವಿನಾಯಿತಿ, ಹಿರಿಯ ನಾಗರಿಕರಿಗೆ ಅರ್ಧ. ವರ್ಷದ್ದನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ.

ಸಾಲ ಮಾಡೋಣ ಎನ್ನುವವರೂ ಇದ್ದಾರೆ. ನಮಗೆ ಇದು ಹೊಸದಲ್ಲ. ದೇಶದಲ್ಲೇ ಮೊದಲು ಮುನಿಸಿಪಲ್ ಬಾಂಡ್ ಹೊರಡಿಸಿದ್ದು ಬೆಂಗಳೂರು ಪಾಲಿಕೆ. 1997ರಲ್ಲಿ, 125 ಕೋಟಿಗೆ. ರಾಜ್ಯ ಸರ್ಕಾರ ಜಾಮೀನು ನಿಂತಿತ್ತು. ಮರುವರ್ಷ ಅಹಮದಾಬಾದ್ ಯಾರ ಜಾಮೀನೂ ಇಲ್ಲದೆ 100 ಕೋಟಿ ಎತ್ತಿತು, ಆಮೇಲೂ ಹಲವು ಸಲ ಎತ್ತಿತು. ನಾವು ಮಾತ್ರ ಮೊದಲಿಗರು ಎಂಬ ಹೆಮ್ಮೆಯ ಬಡ್ಡಿಯಲ್ಲೇ ಬದುಕಿದ್ದೇವೆ. ಮುಂದೆ ಪಾಲಿಕೆ ಸಾಲಕ್ಕಾಗಿ ತನ್ನ ಕಟ್ಟಡಗಳನ್ನೇ ಅಡ ಇಟ್ಟ ಕಾಲವೂ ಬಂತು. ಮೇಯೋ ಹಾಲ್, ಜಾನ್ಸನ್ ಮಾರ್ಕೆಟ್, ಮಲ್ಲೇಶ್ವರಂ ಮಾರ್ಕೆಟ್. ಮಗಳ ಮದುವೆಗೆ ಹೆಂಡತಿಯ ಬಳೆ ಅಡ ಇಡುವವರನ್ನು ನೋಡಿದ್ದೆವು. ಸೊಪ್ಪು ತರಲು ಹೋಗುವ ಮಾರ್ಕೆಟ್ಟನ್ನೇ ಅಡ ಇಟ್ಟವರನ್ನು ನೋಡುವ ಭಾಗ್ಯ ನಮಗೇ ಸಿಕ್ಕಿತು. ಆಮೇಲೆ ಬಿಡಿಸಿಕೊಂಡು ಬಂದಾಗ ಅದನ್ನೇ ಸಾಧನೆ ಎಂದು ಹೇಳಿಕೊಂಡರು.

ಹಾಗಂತ ದುಡ್ಡೇ ಇಲ್ಲ ಅಂತಲ್ಲ ಮತ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ, ಅಂದಾಜು 17 ಸಾವಿರ ಕೋಟಿಗೂ ಜಾಸ್ತಿ. ಕಿಲೋಮೀಟರಿಗೆ ಸಾವಿರ ಕೋಟಿ. ಒಳಗೆ ಹೋಗಲು ಟೋಲ್ ಬೇರೆ. 250 ಮೀಟರ್ ಎತ್ತರದ ಸ್ಕೈಡೆಕ್ ಎಂಬ ವೀಕ್ಷಣಾ ಗೋಪುರ, ಅದಕ್ಕೆ 500 ಕೋಟಿ. ವಾಮನ ಕೇಳಿದ ಮೂರು ಹೆಜ್ಜೆಯಲ್ಲಿ ಪಾತಾಳಕ್ಕೂ ಆಕಾಶಕ್ಕೂ ಅಂದಾಜುಪಟ್ಟಿ ಸಿದ್ಧವಾಗಿದೆ. ಮೂರನೆಯ ಹೆಜ್ಜೆ ಯಾರ ತಲೆಯ ಮೇಲೆ ಅಂತ ಹೇಳಬೇಕಾಗಿಲ್ಲ. ಸ್ಕೈಡೆಕ್ ಬಗ್ಗೆ ನನ್ನ ತಕರಾರೇನೂ ಇಲ್ಲ. ಅಷ್ಟು ಮೇಲಿನಿಂದ ನೋಡಿದರೆ ಗುಂಡಿಗಳು ಕಾಣುವುದಿಲ್ಲ. ಬೆಂಗಳೂರನ್ನು ಗುಂಡಿಮುಕ್ತ ಮಾಡಲು 500 ಕೋಟಿ ಕಡಿಮೆಯೇ.

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿಗಳು, ಬೆಂಗಳೂರಿನ ಉಸ್ತುವಾರಿಯೂ ಆಗ ಅವರದೇ, ದೇವರೇ ಇಳಿದು ಬಂದರೂ ಎರಡು ಮೂರು ವರ್ಷದಲ್ಲಿ ಈ ಊರನ್ನು ಬದಲಿಸಲು ಆಗಲ್ಲ ಎಂದರು. ಹೇಳಿದ್ದು ರಸ್ತೆ ಕುರಿತ ಕಾರ್ಯಾಗಾರದಲ್ಲಿ. ಎಲ್ಲರೂ ಅವರನ್ನು ಬೈದರು. ನಾನು ಅವರ ಪರ. ದೇವರಿಗೆ ನಿಜಕ್ಕೂ ಆಗಲ್ಲ. ಯಾಕೆಂದರೆ ಅವನಿಗೆ ಕ್ಲಾಸ್ ಒನ್ ಗುತ್ತಿಗೆದಾರನ ಲೈಸೆನ್ಸ್ ಇಲ್ಲ.

ಅವನು ಬಂದ ಅಂತಲೇ ಇಟ್ಟುಕೊಳ್ಳಿ. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ಓದಿಯೇ ಬಂದಿರುತ್ತಾನೆ. ನನ್ನ ಕೆಲಸ ಕೊಡಿ, ಮುಗಿಸಿ ಹೋಗ್ತೀನಿ ಎನ್ನುತ್ತಾನೆ. ಗುಮಾಸ್ತರು ತಲೆ ಎತ್ತುವುದಿಲ್ಲ.

“ಪೋರ್ಟಲ್‌ನಲ್ಲಿ ಹಾಕಿ ಸ್ವಾಮಿ. ಇಎಂಡಿ, ಅಂದರೆ ಟೆಂಡರ್ ಠೇವಣಿ, ಕಟ್ಟಿದ್ದೀರಾ? ಜಿಎಸ್‌ಟಿ ನಂಬರ್?”

“ಇಲ್ಲಪ್ಪಾ.”

“ಹಿಂದೆ ಇಂಥದ್ದೇ ಕೆಲಸ ಮಾಡಿದ ಅನುಭವ?”

“ಈ ಭೂಮಿ, ಆಕಾಶ, ಎಲ್ಲ ನಾನೇ ಮಾಡಿದ್ದು.”

“ಅದು ಬಾಯಲ್ಲಿ ಹೇಳಿದರೆ ಆಗಲ್ಲ. ವರ್ಕ್ ಡನ್ ಸರ್ಟಿಫಿಕೇಟ್ ಬೇಕು, ಎಕ್ಸಿಕ್ಯೂಟಿವ್ ಎಂಜಿನಿಯರ್ ಸಹಿ ಇರಬೇಕು. ಅದೂ ಕಳೆದ ಐದು ವರ್ಷದ ಒಳಗಿನ ಕೆಲಸ.”

ಹೇಗೋ ಕಾಗದ ಪತ್ರ ಹೊಂದಿಸಿದ ಅಂತಲೇ ಇರಲಿ. ಬಂದದ್ದು ಅವನದೊಂದೇ ಟೆಂಡರ್. ಒಂದೇ ಇದ್ದರೆ ಮರುಟೆಂಡರ್ ಮಾಡಬೇಕಾಗುತ್ತದೆ. ಕಚೇರಿಯಲ್ಲಿ ಅದ್ವೈತ ನಡೆಯಲ್ಲ, ಕನಿಷ್ಠ ದ್ವೈತ ಬೇಕು. ಪಾರದರ್ಶಕ ಕಾಯ್ದೆಯ 4(ಜಿ) ಕೆಳಗೆ ಟೆಂಡರ್‌ನಿಂದಲೇ ವಿನಾಯಿತಿ ಕೊಡಿಸುವವರು ಯಾರಾದರೂ ಪರಿಚಯ ಇದ್ದಾರಾ ಅಂತ ಗುಮಾಸ್ತರೇ ಮೆಲ್ಲಗೆ ಕೇಳುತ್ತಾರೆ. ಎಲ್ಲ ದಾಟಿ ಕೆಲಸ ಸಿಕ್ಕಿ, ಡಾಂಬರು ಹಾಕಿ, ಎಂ.ಬಿ. ಎಂಬ ಅಳತೆ ಪುಸ್ತಕ ಬರೆಸಿ, ಬಿಲ್ ಕೊಟ್ಟ ಮೇಲೆ ಜ್ಯೇಷ್ಠತೆಯ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಅವನಿಗಿಂತ ಮೊದಲೇ ಬಂದು ಕಾಯುತ್ತಿರುವವರಿದ್ದಾರೆ. 2021ರಲ್ಲಿ ಗುತ್ತಿಗೆದಾರರ ಸಂಘದವರು ಶೇ 40 ಕಮಿಷನ್ ಎಂದು ಆರೋಪಿಸಿ ಪ್ರಧಾನಿಗೇ ಪತ್ರ ಬರೆದಿದ್ದರು. ಆಮೇಲೆ ಸರ್ಕಾರ ಬದಲಾಯಿತು. ಶೇಕಡಾವಾರು ಏನಾಯಿತು ಎಂಬುದನ್ನು ದೇವರೇ ಬಲ್ಲ. ಹುಂಡಿಯಲ್ಲಿ ತಗೊಂಡು ಮಾತ್ರ ಅಭ್ಯಾಸ ಇರುವವನಿಗೆ ಕೊಡುವುದು ಸ್ವಲ್ಪ ಕಷ್ಟವೇ ಆಗಬಹುದು.

ತಮಾಷೆ ಅತ್ಲಾಗಿರಲಿ, ರಸ್ತೆ ದುಬಾರಿಯಾಗುವುದೂ ಇಲ್ಲೇ. ಬಿಲ್ ಯಾವಾಗ ಆಗುತ್ತದೋ ಗೊತ್ತಿಲ್ಲದ ಗುತ್ತಿಗೆದಾರ ಬಡ್ಡಿಯನ್ನು ಮೊದಲೇ ದರಕ್ಕೆ ಸೇರಿಸಿ ಬರೆಯುತ್ತಾನೆ. ಉಳಿದದ್ದನ್ನು ಡಾಂಬರಿನ ದಪ್ಪದಲ್ಲಿ ಉಳಿಸುತ್ತಾನೆ. ಅಂತೂ ಹಾಕಿ ಮುಗಿಸಿದ ವಾರಕ್ಕೆ ಯಾರೋ ಪೈಪಿಗೋ ಕೇಬಲ್ಲಿಗೋ ಅಗೆಯುತ್ತಾರೆ. ಡಾಂಬರಿಗೆ ನೀರೇ ಶತ್ರು. ಆದರೂ ಮೋರಿ ಸರಿಮಾಡದೆ ಮೇಲೆ ಡಾಂಬರು ಬಳಿಯುತ್ತೇವೆ. ಹಳೆ ಪದರ ಕೆರೆದು ತೆಗೆಯಬೇಕೆಂಬ ನಿಯಮವನ್ನು ಒಳರಸ್ತೆಗಳಲ್ಲಿ ಯಾರೂ ಕೇಳುವುದಿಲ್ಲ. ಪದರದ ಮೇಲೆ ಪದರ ಹಾಕಿ ಹಾಕಿ ಹಳೆಯ ಬಡಾವಣೆಗಳಲ್ಲಿ ರಸ್ತೆಯೇ ಮನೆಗಿಂತ ಎತ್ತರವಾಗಿದೆ. ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ನೀರು ಬೆಲ್ ಒತ್ತದೆ ಒಳಗೆ ಬರುತ್ತದೆ. ಆಸ್ತಿ ತೆರಿಗೆಯಲ್ಲಿ ನೆಲಮಾಳಿಗೆಗೆ ಬೇರೆ ದರ ಇದೆಯಾ ಅಂತ ವಿಚಾರಿಸುವುದು ಒಳ್ಳೆಯದು.

ಕೆಲಸ ಬೇಗ ಆಗುವ ಒಂದು ವಿಧಾನ ನಮಗೆ ಗೊತ್ತಿದೆ. 2022ರ ಜೂನ್‌ನಲ್ಲಿ ಪ್ರಧಾನಿ ಬೆಂಗಳೂರಿಗೆ ಬಂದಾಗ ಅವರು ಹೋಗುವ ದಾರಿಗೆ 23 ಕೋಟಿ ಖರ್ಚಿನಲ್ಲಿ ರಾತ್ರೋರಾತ್ರಿ ಡಾಂಬರು ಬಿತ್ತು. ಅಂದಾಜುಪಟ್ಟಿ, ಅನುದಾನ, ಕಚ್ಚಾತೈಲ ಯಾವುದೂ ಅಡ್ಡ ಬರಲಿಲ್ಲ. ಅವರು ಹೋದ ಕೆಲವೇ ದಿನಕ್ಕೆ ಜ್ಞಾನಭಾರತಿ ಬಳಿ ಅದು ಕುಸಿಯಿತು, ಪ್ರಧಾನಿ ಕಚೇರಿಯೇ ವರದಿ ಕೇಳಿತು, ಎಂಜಿನಿಯರುಗಳಿಗೆ ನೋಟಿಸ್ ಹೋಯಿತು. ಇರಲಿ, ಅಲ್ಲಿಯವರೆಗಂತೂ ಇತ್ತಲ್ಲ. ಊರಿನಲ್ಲಿ ಸುಮಾರು 13 ಸಾವಿರ ಕಿ.ಮೀ. ರಸ್ತೆ ಇದೆ. ಪ್ರಧಾನಿಯವರು ದಿನಕ್ಕೊಂದು ಬಡಾವಣೆಗೆ ಬಂದು ಹೋಗುವುದಾದರೆ ನಾವು ಹೂವಿನ ಹಾರದ ಖರ್ಚು ನೋಡಿಕೊಳ್ಳುತ್ತೇವೆ.

2025ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಂಪನಿಯೊಂದು ಈ ರಸ್ತೆಯಲ್ಲಿ ಆಗಲ್ಲ, ಹೊರಡ್ತೀವಿ ಎಂದಿತು. ಪಕ್ಕದ ಆಂಧ್ರದ ಸಚಿವರು ಬನ್ನಿ ವಿಶಾಖಪಟ್ಟಣಕ್ಕೆ ಎಂದರು. ನಮ್ಮವರು ಬ್ಲ್ಯಾಕ್‌ಮೇಲ್‌ಗೆ ಬಗ್ಗಲ್ಲ ಎಂದರು, ದಿಲ್ಲಿಯಲ್ಲಿ ಪ್ರಧಾನಿ ಮನೆಯ ರಸ್ತೆಯಲ್ಲೂ ಗುಂಡಿ ಇದೆ ಎಂದರು, ಆಮೇಲೆ ಗುಂಡಿ ಮುಚ್ಚಲು ಗಡುವನ್ನೂ ಕೊಟ್ಟರು. ಕಂಪನಿಗಾದರೂ ಹೋಗಲು ಇನ್ನೊಂದು ಊರಿದೆ. ಆರು ಗಂಟೆಗೆ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮಳೆಯಲ್ಲಿ ಮನೆಗೆ ಹೋಗುವವನು ಎಲ್ಲಿಗೆ ಹೋಗಬೇಕು? ನೀರಿನ ಕೆಳಗೆ ಗುಂಡಿ ಇದೆಯೋ ಇಲ್ಲವೋ ಅವನಿಗೆ ಗೊತ್ತಾಗುವುದಿಲ್ಲ. ಬಿದ್ದರೆ ಹಿಂದೆ ಲಾರಿ ಇರುತ್ತದೆ. ಅಜಾಗರೂಕ ಚಾಲನೆ ಎಂದು ಬಿದ್ದವನ ಮೇಲೆಯೇ ಕೇಸು ಹಾಕಿದ್ದೂ ಈ ದೇಶದಲ್ಲಿ ಉಂಟು. ಹೈಕೋರ್ಟ್ ಗದರಿದ ಮೇಲೆ ಪಾಲಿಕೆ ಪರಿಹಾರಕ್ಕೆ ದರ ನಿಗದಿ ಮಾಡಿತು. ಗುಂಡಿಯಿಂದ ಸತ್ತರೆ 3 ಲಕ್ಷ. ರಸ್ತೆ ಕೆಲಸಕ್ಕೆ ಎಸ್.ಆರ್. ದರಪಟ್ಟಿ ಇರುವ ಹಾಗೆ ಸಾವಿಗೂ ಒಂದು. ಡಾಂಬರಿನ ದರ ಹದಿನೈದು ದಿನಕ್ಕೊಮ್ಮೆ ಬದಲಾಗುತ್ತದೆ. ಇದು ಏರಿದ್ದನ್ನು ನಾನು ಕೇಳಿಲ್ಲ. ಯಾರಿಗೂ ನಾಚಿಕೆ ಆದದ್ದನ್ನೂ ನೋಡಿಲ್ಲ.

ಈ ಎಲ್ಲ ರೋಗಕ್ಕೂ ಮದ್ದು ಎಂಬಂತೆ ಒಂದಿದ್ದ ಪಾಲಿಕೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಐದು ಮಾಡಿದರು. ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹೊಸ ಬೋರ್ಡು, ಹೊಸ ಸೀಲು, ಹೊಸ ಲೆಟರ್‌ಹೆಡ್, ಇವುಗಳಿಗೆ ದುಡ್ಡಿನ ತೊಂದರೆ ಆಗಲಿಲ್ಲ. ಈಗ ಕೆಲವು ಕಡೆ ರಸ್ತೆಯ ಎಡಬದಿ ಒಂದು ಪಾಲಿಕೆ, ಬಲಬದಿ ಇನ್ನೊಂದು. ಎಡಬದಿಯವರಿಗೆ ಅನುದಾನ ಬಂದು ಬಲಬದಿಯವರಿಗೆ ಬರದಿದ್ದರೆ ಹೋಗುವಾಗ ಡಾಂಬರು, ಬರುವಾಗ ಜಲ್ಲಿ. ಗುಂಡಿ ಸರಿಯಾಗಿ ನಡುಗೆರೆಯ ಮೇಲೆ ಬಿದ್ದಿದ್ದರೆ ಇಬ್ಬರು ಕಮಿಷನರ್ ಬಂದು ಟೇಪು ಹಿಡಿಯಬೇಕು.

ವಾರ್ಡಿಗೊಬ್ಬ ಕಾರ್ಪೊರೇಟರ್ ಇದ್ದಿದ್ದರೆ ಬೈಯುವುದಕ್ಕಾದರೂ ಒಂದು ಮುಖ ಇರುತ್ತಿತ್ತು. ಕೊನೆಯ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ 2025 ಕಳೆಯುವವರೆಗೆ ಊರು ಆರಿಸಿದ ಒಬ್ಬನೂ ಇಲ್ಲದೆ ಬಜೆಟ್ ಆಯಿತು, ಟೆಂಡರ್ ಆಯಿತು, ಶುಲ್ಕ ಏರಿತು, ಸುರಂಗಕ್ಕೆ ನಕ್ಷೆ ಬಂತು. ವಾರ್ಡುಗಳನ್ನು ಮತ್ತೆ ಮತ್ತೆ ಎಣಿಸಿ ಗೆರೆ ಎಳೆದರು, ಅಳಿಸಿದರು. ಡಾಂಬರು ದುಬಾರಿ, ಒಪ್ಪಿಕೊಂಡೆವು. ಚುನಾವಣೆಗೆ ಎಷ್ಟು ಟನ್ ಡಾಂಬರು ಬೇಕಿತ್ತು ಅಂತ ಯಾರಾದರೂ ಹೇಳಿದರೆ, ಆ ಸೆಸ್ಸನ್ನೂ ಕಟ್ಟಿಬಿಡುತ್ತೇವೆ.