ಡಿಪ್ಲೊಮಾ ಅಂದ್ರೆ ದನಿ ಯಾಕೆ ಇಳೀಬೇಕು?

ಮಗ ಹನ್ನೆರಡನೇ ತರಗತಿ ಮುಗಿಸಿ ಕಾಲೇಜಿಗೆ ಹೊರಟಿದ್ದಾನೆ, ಎಲೆಕ್ಟ್ರಿಕಲ್, ಮೂರು ವರ್ಷದ ಅಡ್ವಾನ್ಸ್ಡ್ ಡಿಪ್ಲೊಮಾ ಅಂತ ಸಿಂಧನೂರಿನ ಕಾಕಾಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ದನಿ ಇಳಿಸಿ, "ಯಾಕಪಾ, ಮಾರ್ಕ್ಸ್ ಕಡಿಮಿ ಬಿದ್ವೇನು? ಮನಸಿಗೆ ಹಚಗೋಬ್ಯಾಡ. ಇಲ್ಲಿ ಕಳಸು, ಮ್ಯಾನೇಜ್‌ಮೆಂಟ್ ಕೋಟಾದಾಗ ಒಂದು ಬಿ.ಇ. ಸೀಟು ನೋಡೋಣು" ಅಂದರು. ಸತ್ತ ಮನೆಗೆ ಮಾತಾಡಿಸಲು ಬಂದವರ ದನಿ ಅದು. ಹುಡುಗನಿಗೆ ಬಂದಿರುವುದು ನೂರಕ್ಕೆ ಎಂಬತ್ತೇಳು.

ಇಲ್ಲಿ ಕೆನಡಾದ ಒಂಟಾರಿಯೊದಲ್ಲಿ ಕಾಲೇಜಿನ ದಾರಿ ಬೇರೆ, ಯೂನಿವರ್ಸಿಟಿಯ ದಾರಿ ಬೇರೆ. ಓದುವುದು ರಾಯಚೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಮಾರ್ಕ್ಸ್‌ಕಾರ್ಡ್ ಬರುವುದು ಬೆಳಗಾವಿಯ ಯೂನಿವರ್ಸಿಟಿಯಿಂದ ಎಂಬ ನಮ್ಮ ನಂಟು ಇಲ್ಲಿಲ್ಲ. 1965ರಲ್ಲಿ ಕಾನೂನು ಮಾಡಿ ಶುರುಮಾಡಿದ ಸರ್ಕಾರಿ ಕಾಲೇಜುಗಳು ಈಗ 24 ಇವೆ. ಎರಡು-ಮೂರು ವರ್ಷದಲ್ಲಿ ಕೈಗೆ ಕೆಲಸ ಹತ್ತಿಸಿ ಕಳಿಸುವುದು ಅವುಗಳ ಕಸುಬು. ನಾಲ್ಕು ವರ್ಷದ ಡಿಗ್ರಿ ಬೇಕೆನ್ನುವವರು ಹೆಚ್ಚಾಗಿ ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಾರೆ.

ನನಗೆ ಇದರ ರುಚಿ ಹತ್ತಿಸಿದ್ದು ಒಂದು ಜನವರಿಯ ರಾತ್ರಿ. ಹೊರಗೆ ಮೈನಸ್ ಇಪ್ಪತ್ತು, ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಹೊತ್ತಿಕೊಳ್ಳುತ್ತಿಲ್ಲ. ರಿಪೇರಿಗೆ ಬಂದವನು ನೆಲಮಾಳಿಗೆಯಲ್ಲಿ ಮೊಣಕಾಲೂರಿ ಕೂತು, ಒಳಗಿನಿಂದ ಪೆನ್ಸಿಲಿಗಿಂತ ಸಣ್ಣದೊಂದು ಸರಳು ತೆಗೆದ. ಬೆಂಕಿ ಹತ್ತಿದೆಯೋ ಇಲ್ಲವೋ ಅಂತ ಯಂತ್ರಕ್ಕೆ ತಿಳಿಸುವ ಸೆನ್ಸರ್ ಅದು. ನಯವಾದ ಸ್ಟೀಲ್ ವೂಲಿನಿಂದ ಅದರ ಮಸಿ ತಿಕ್ಕಿ ಮತ್ತೆ ಕೂರಿಸಿದ. ನೀಲಿ ಉರಿ ಸಾಲಾಗಿ ಹತ್ತಿ ನಿಂತಿತು. ಚಹಾ ಕೊಟ್ಟು ಮಾತಿಗೆಳೆದರೆ, ಅವನು ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿ ಬಿ.ಎ. ಮುಗಿಸಿದವನು! ಆಮೇಲೆ ಕಾಲೇಜು ಸೇರಿ ಹೀಟಿಂಗ್-ಕೂಲಿಂಗ್ ಕಲಿತು, ಗ್ಯಾಸ್ ಕೆಲಸದ ಜಿ2 ಲೈಸೆನ್ಸ್ ಮಾಡಿಸಿಕೊಂಡಿದ್ದಾನೆ. ಇದನ್ನೆಲ್ಲ ಹೇಳುವಾಗ ಅವನ ಮುಖದಲ್ಲಿ ಇಳಿದು ಬಂದೆನೆಂಬ ಭಾವ ಹುಡುಕಿದರೂ ಸಿಗಲಿಲ್ಲ.

ನಮ್ಮ ಕಡೆ ಹೇಗೆ? ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಸಂಜೆಯೇ ಓಣಿಯವರು ಹಂಚಿಕೆ ಮಾಡಿ ಮುಗಿಸುತ್ತಾರೆ. ತೊಂಬತ್ತರ ಮೇಲಿದ್ದವರು ಸೈನ್ಸು, ಸೈನ್ಸ್ ಸಿಗದವರು ಕಾಮರ್ಸು, ಅದೂ ಆಗದವರು ಡಿಪ್ಲೊಮಾ, ಯಾವುದಕ್ಕೂ ಬಾರದವನು ಐಟಿಐ. ಹದಿನಾರರ ಹುಡುಗನಿಗೆ ಮೋಟರ್ ಬಿಚ್ಚುವುದು ಇಷ್ಟವೋ ಎಂದು ಕೇಳಿದವರನ್ನು ನಾನಂತೂ ಕಾಣೆ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಸ್ಥಾವರ, ಹಟ್ಟಿಯಲ್ಲಿ ಚಿನ್ನದ ಗಣಿ, ಅತ್ತ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ, ಊರ ತುಂಬ ರೈಸ್ ಮಿಲ್ಲು. ಇಷ್ಟೆಲ್ಲ ಯಂತ್ರದ ನಡುವೆ ಬೆಳೆದರೂ ಯಂತ್ರ ಮುಟ್ಟುವವನೆಂದರೆ ನಮಗೆ ಸಸಾರ. ಲಗ್ನಪತ್ರಿಕೆಯಲ್ಲಿ ಹೆಸರಿನ ಪಕ್ಕ ಬ್ರ್ಯಾಕೆಟ್ಟಿನೊಳಗೆ ಬಿ.ಇ. ಎಂದು ಅಚ್ಚಾಗಬೇಕು, ಅಷ್ಟೇ. ಹಾಗೆ ಅಚ್ಚಾದವರಲ್ಲಿ ನನ್ನ ಸೋದರಮಾವನ ಮಗನೂ ಒಬ್ಬ. ಮೆಕ್ಯಾನಿಕಲ್ ಮುಗಿಸಿ ಈಗ ಧಾರವಾಡದಲ್ಲಿ ರೂಮು ಮಾಡಿಕೊಂಡು ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ರೂಮಿನ ಫ್ಯಾನ್ ಕೆಟ್ಟರೆ ಐಟಿಐ ಹುಡುಗನನ್ನೇ ಕರೆಯಬೇಕು.

ಇಲ್ಲಿಯ ಕನ್ನಡದವರೇನು ಕಡಿಮೆಯಿಲ್ಲ ಅನ್ನಿ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಒಬ್ಬರು "ಕಾಲೇಜಾ? ವಾಟರ್‌ಲೂ ಸಿಗಲಿಲ್ವಾ?" ಅಂತ ಹೋಳಿಗೆ ಮುರಿಯುತ್ತಲೇ ಕೇಳಿದರು. ವಾಟರ್‌ಲೂ ದೊಡ್ಡ ಹೆಸರು, ಒಪ್ಪುತ್ತೇನೆ. 1957ರಲ್ಲಿ ಶುರುವಾದಾಗಿನಿಂದಲೇ ಓದಿನ ಜೊತೆ ಕೆಲಸ ಹೆಣೆದ ಯೂನಿವರ್ಸಿಟಿ ಅದು. ಅಂದರೆ ಅಲ್ಲಿ ಓದುವವರಿಗೂ ಕೈ ಮಸಿಯಾಗುವುದು ತಪ್ಪಿದ್ದಲ್ಲ.

ಇನ್ನು ಒಂದೆರಡು ಮಾತು, ಹೇಳದಿದ್ದರೆ ಕಾಕಾ ಬಿಡುವುದಿಲ್ಲ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಸೀದಾ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ಇಲ್ಲಿ ಕಾಲೇಜಿನಿಂದ ಯೂನಿವರ್ಸಿಟಿಗೆ ದಾಟುವುದು ಅಷ್ಟು ಸಸೂತ್ರವಲ್ಲ. ಯಾವ ಕೋರ್ಸಿಗೆ ಎಷ್ಟು ಕ್ರೆಡಿಟ್ ಕೊಡುತ್ತಾರೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಇಲ್ಲಿನ ಕಾಲೇಜುಗಳು ನಮ್ಮ ದೇಶದ ಮಕ್ಕಳಿಂದ ಸ್ಥಳೀಯರಿಗಿಂತ ಎಷ್ಟೋ ಪಟ್ಟು ಫೀಸು ಎಣಿಸಿಕೊಂಡಿದ್ದೂ ಸುಳ್ಳಲ್ಲ. 2024ರಲ್ಲಿ ಕೆನಡಾ ಹೊರದೇಶದ ವಿದ್ಯಾರ್ಥಿಗಳ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದ ಮೇಲೆ ಆ ದುಡ್ಡಿನ ಮೇಲೆ ಅವು ಎಷ್ಟು ನಿಂತಿದ್ದವು ಎಂಬುದು ಬಯಲಾಯಿತು.

ಕಾಕಾನ ಡಿಗ್ರಿ ಹುಚ್ಚಿಗೂ ಕಾರಣವಿದೆ. 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60 ಮುಟ್ಟಿರಲಿಲ್ಲ. ಸಂವಿಧಾನಕ್ಕೆ 371ಜೆ ವಿಧಿ ಬಂದ ಮೇಲಷ್ಟೇ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೆ ಮೀಸಲಾಯಿತು. ಈಗ ತಾನೇ ತೆರೆದ ಬಾಗಿಲ ಮುಂದೆ ನಿಂತ ಹುಡುಗಿಗೆ, ನೀನು ಪಾಲಿಟೆಕ್ನಿಕ್‌ಗೆ ಹೋಗವ್ವ ಎಂದು ಒಂಟಾರಿಯೊದಿಂದ ಬುದ್ಧಿ ಹೇಳಲು ನನಗೂ ಬಾಯಿ ಬರುವುದಿಲ್ಲ. ಹೇಳುವುದಿದ್ದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಕೆಆರ್‌ಡಿಬಿಯವರಿಗೆ ಹೇಳಬೇಕು: ಬಜೆಟ್‌ನಲ್ಲಿ ನಿಮಗೆ ಸಾವಿರಾರು ಕೋಟಿ ಎಂದು ಓದುತ್ತಾರಲ್ಲ, ಅದರಲ್ಲಿ ಒಂದಿಷ್ಟು ನಮ್ಮ ಪಾಲಿಟೆಕ್ನಿಕ್‌ಗಳಿಗೂ ಹಾಕಿ. ಕಾಂಪೌಂಡ್ ಗೋಡೆ, ಕಮಾನು ಆಮೇಲಾಗಲಿ, ಮೊದಲು ವರ್ಕ್‌ಶಾಪಿಗೆ ತಿರುಗುವ ಲೇಥ್ ಬರಲಿ.